ಅಕಾರಾದಿ ಕ್ರಮ ಮತ್ತು ಗ್ರಂಥಸೂಚಿ: ಗಣಕಯಂತ್ರದ ಕ್ಷೇತ್ರಾಪೇಕ್ಷ ಪದತುಲನೆಯ ಚಾರಿತ್ರಿಕ ವಿವೇಚನೆ

ಹಸ್ತಪ್ರತಿ ಭಂಡಾರಗಳ ಸೂಚಿಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯ ಈಗ ಎಲ್ಲೆಡೆ ನಡೆಯುತ್ತಿದೆ. ಓಲೆಗರಿಯ ಕಟ್ಟುಗಳ ವಿವರವನ್ನು ಯಂತ್ರಕ್ಕೆ ಊಡಿಸಿದರೆ ಕ್ಷಣಮಾತ್ರದಲ್ಲಿ ಅದು ಗ್ರಂಥನಾಮಗಳನ್ನು ಅಕಾರಾದಿಯಾಗಿ ಜೋಡಿಸಿಕೊಡುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಆ ಅಕಾರಾದಿ ಯಾವ ಅಕಾರಾದಿ? ಅದನ್ನು ವಿಧಿಸಿದವರಾರು? ಕೇಶಿರಾಜನ ವರ್ಣಸಮಾಮ್ನಾಯಕ್ಕೂ ಅದಕ್ಕೂ ಸಂಬಂಧವೇನು? ಈ ಪ್ರಶ್ನೆಗಳು ತಂತ್ರಜ್ಞರಿಗೆ ಮಾತ್ರ ಸೇರಿದವಲ್ಲ. ಸೂಚಿಯಲ್ಲಿ ಸ್ಥಾನ ತಪ್ಪಿದ ಗ್ರಂಥವು ಹುಳು ತಿಂದ ಗ್ರಂಥದಷ್ಟೇ ಅಲಭ್ಯ. ಆದುದರಿಂದ ಪ್ರಸ್ತುತ ಲೇಖನದಲ್ಲಿ ಪದಗಳನ್ನು ಕ್ರಮಕ್ಕೆ ತರುವ ನಮ್ಮ ಪ್ರಾಚೀನ ಪದ್ಧತಿಗಳನ್ನೂ, 'ಸಿ' ಎಂಬ ಗಣಕಭಾಷೆಯಲ್ಲಿ ಬೆಳೆದುಬಂದ ಪದತುಲನೆಯ ವಿಧಿಯನ್ನೂ ಒಟ್ಟಿಗಿಟ್ಟು ಪರಿಶೀಲಿಸಲಾಗಿದೆ.

1. ಕೋಶಕಾರರ ಕ್ರಮಗಳು

ಪದಗಳನ್ನು ಆದ್ಯಕ್ಷರದಿಂದ ಅಂತ್ಯಾಕ್ಷರದವರೆಗೆ ಅನುಕ್ರಮವಾಗಿ ಹೋಲಿಸಿ ಜೋಡಿಸುವ ಪದ್ಧತಿ ನಮ್ಮ ಪೂರ್ವಾಚಾರ್ಯರಿಗೆ ಅನಿವಾರ್ಯವಾಗಿರಲಿಲ್ಲ. ಧನಂಜಯನ ನಾಮಮಾಲೆ ಅರ್ಥಾನುಸಾರಿ. ಪರ್ಯಾಯಪದಗಳ ಗುಂಪುಗಳೇ ಅದರ ಕ್ರಮ. ಅಮರಕೋಶದ ನಾನಾರ್ಥವರ್ಗವು ಪದಗಳನ್ನು ಅಂತ್ಯವ್ಯಂಜನದ ಮೇರೆಗೆ ಕಾಂತ, ಖಾಂತ ಎಂದು ವಿಭಜಿಸುತ್ತದೆ. ಹೇಮಚಂದ್ರಾಚಾರ್ಯರ ಅನೇಕಾರ್ಥಸಂಗ್ರಹದಲ್ಲಿ ಮೊದಲು ಅಕ್ಷರಸಂಖ್ಯೆಯಿಂದ ಕಾಂಡವಿಭಾಗ, ಅನಂತರ ಅಂತ್ಯವ್ಯಂಜನ, ಅದರೊಳಗೆ ಆದ್ಯಕ್ಷರ ಎಂಬ ಮೂರು ಹಂತಗಳಿವೆ. ಅವರದೇ ದೇಶೀನಾಮಮಾಲೆಯಲ್ಲಿ ಎಂಟು ವರ್ಗಗಳು. ಅಲ್ಲಿ ಆದ್ಯಕ್ಷರ ಮೊದಲು, ಅಕ್ಷರಸಂಖ್ಯೆ ಅನಂತರ.

ಈ ಭೇದಗಳು ಸ್ವೇಚ್ಛೆಯಿಂದ ಹುಟ್ಟಿದವಲ್ಲ. ಕೋಶವನ್ನು ಕಂಠಸ್ಥವಾಗಿ ಧರಿಸುವವನಿಗೆ ಶ್ಲೋಕಬಂಧವೇ ಸಾಕು. ಕಾವ್ಯ ರಚಿಸುವವನಿಗೆ ಅಕ್ಷರಸಂಖ್ಯೆ ಮುಖ್ಯ. ಅಪರಿಚಿತವಾದ ದೇಶೀಪದವನ್ನು ಹುಡುಕುವವನಿಗೆ ಆದ್ಯಕ್ಷರವೇ ದಾರಿ. ಕ್ರಮವೆಂಬುದು ಪದದ ಸ್ವಭಾವವಲ್ಲ, ಬಳಸುವವನ ಅಪೇಕ್ಷೆಯನ್ನು ಅವಲಂಬಿಸಿದ ವ್ಯವಸ್ಥೆ ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ.

ಮುದ್ರಣಯುಗದಲ್ಲಿ ಸಂಪೂರ್ಣ ಅಕಾರಾದಿ ಕ್ರಮ ನೆಲೆಗೊಂಡಿತು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು, 1995ರಲ್ಲಿ ಎಂಟು ಸಂಪುಟಗಳಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇವು ಕನ್ನಡದಲ್ಲಿ ಅದರ ದೊಡ್ಡ ನಿದರ್ಶನಗಳು. ಜೈನವಾಙ್ಮಯದ ಮಟ್ಟಿಗೆ 1944ರಲ್ಲಿ ಪುಣೆಯಿಂದ ಹೊರಬಂದ ವೇಲಣಕರರ ಜಿನರತ್ನಕೋಶವು ಗ್ರಂಥನಾಮಗಳ ಅಕಾರಾದಿ ಸೂಚಿಯಾಗಿ ಇಂದಿಗೂ ಎಲ್ಲ ಸಂಶೋಧಕರ ಕೈಪಿಡಿಯಾಗಿದೆ.

2. ವರ್ಣಮಾಲೆಯಲ್ಲಿ ಕನ್ನಡದ ವಿಶೇಷ

ಶಬ್ದಮಣಿದರ್ಪಣಕಾರನು ಕನ್ನಡಕ್ಕೆ ನಾಲ್ವತ್ತೇಳು ಅಕ್ಷರಗಳೆಂದು ನಿರ್ಣಯಿಸಿದುದನ್ನು ವಾಚಕರು ಬಲ್ಲರು. ಸಂಸ್ಕೃತಕ್ಕೆ ಮಾತ್ರ ಬೇಕಾದವನ್ನು ಕಳೆದು ಎ, ಒ, ಱ, ಳ, ೞ ಎಂಬ ಐದು ದೇಶೀಯಗಳನ್ನು ಕೂಡಿಸಿದ ಲೆಕ್ಕವದು. ಈ ಐದರಲ್ಲಿ ಪ್ರಸ್ತುತ ವಿಷಯಕ್ಕೆ ಮುಖ್ಯವಾದವು ಕೊನೆಯ ಮೂರು. ಕನ್ನಡ ನಿಘಂಟುಗಳಲ್ಲಿ ಳಕಾರದ ಸ್ಥಾನ ಹಕಾರದ ಅನಂತರ. ಯ ರ ಲ ವ ಶ ಷ ಸ ಹ ಳ ಎಂದು ಬಾಲಕರು ಓದುವ ಕ್ರಮವೂ ಅದೇ.

ಕೇಶಿರಾಜನು ೞಕಾರವುಳ್ಳ ಪದಗಳನ್ನು ಎಣಿಸಿ ಹೇಳಿದ್ದಾನೆ. ಸಂಸ್ಕೃತ ಲಕಾರದಿಂದ ಬಂದ ಕ್ಷಳವನ್ನೂ, ದೇಶೀಯವಾದ ಕುಳವನ್ನೂ, ೞಕಾರವನ್ನೂ ಬೇರ್ಪಡಿಸಿದ್ದಾನೆ. ಉಚ್ಚಾರಣೆಯಲ್ಲಿ ಭೇದ ಮಸುಳುತ್ತಿದ್ದ ಕಾಲದಲ್ಲಿ ಯಾವ ಪದವನ್ನು ಯಾವುದರೊಡನೆ ಸಮವೆನ್ನಬಹುದು, ಯಾವುದನ್ನು ಭಿನ್ನವೆನ್ನಬೇಕು ಎಂಬ ವಿವೇಕ ಕವಿಗೆ ಪ್ರಾಸನಿರ್ವಾಹಕ್ಕಾಗಿ ಬೇಕಾಗಿತ್ತು. ಸೂಚೀಕಾರನಿಗೆ ಇಂದು ಬೇಕಾಗಿರುವುದೂ ಅದೇ ವಿವೇಕ.

3. 'ಸಿ' ಭಾಷೆಯಲ್ಲಿ ಎರಡು ವಿಧದ ತುಲನೆ

ಗಣಕಯಂತ್ರವು ಅಕ್ಷರವನ್ನರಿಯದು, ಅಂಕೆಯನ್ನು ಮಾತ್ರ ಅರಿಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಕೇತಾಂಕವನ್ನು ಕಲ್ಪಿಸಿ, ಪದವನ್ನು ಅಂಕಗಳ ಸಾಲಾಗಿ ಇರಿಸಲಾಗುತ್ತದೆ. ಅಮೆರಿಕದಲ್ಲಿ 1963ರಲ್ಲಿ ರೂಪುಗೊಂಡ ಆಸ್ಕಿ ಕೋಷ್ಟಕ ಇಂಗ್ಲಿಷಿಗಾಗಿ ಆದುದು. ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು 1972ರ ಸುಮಾರಿಗೆ ರೂಪಿಸಿದ 'ಸಿ' ಭಾಷೆಯಲ್ಲಿ ಎರಡು ಪದಗಳನ್ನು ಹೋಲಿಸಲು 'ಸ್ಟ್ರ್‌ಕಂಪ್' ಎಂಬ ವಿಧಿಯಿದೆ. ಅದು ಎರಡು ಸಾಲುಗಳ ಅಂಕಗಳನ್ನು ಮೊದಲಿನಿಂದ ಒಂದೊಂದಾಗಿ ಹೋಲಿಸಿ, ಮೊದಲ ಭೇದ ಕಂಡಲ್ಲಿ ಸಣ್ಣ ಅಂಕವುಳ್ಳ ಪದವನ್ನು ಮುಂದಿಡುತ್ತದೆ. ಅದಕ್ಕೆ ಭಾಷಾಜ್ಞಾನವಿಲ್ಲ.

ಇಂಗ್ಲಿಷಿನಲ್ಲೂ ಇದು ನಿರ್ದೋಷವಾಗಿರಲಿಲ್ಲ. ಆಸ್ಕಿಯಲ್ಲಿ ದೊಡ್ಡ 'ಝಡ್' ಅಕ್ಷರದ ಅಂಕ 90, ಸಣ್ಣ 'ಎ' ಅಕ್ಷರದ ಅಂಕ 97. ಆದುದರಿಂದ ದೊಡ್ಡಕ್ಷರದ ಪದಗಳೆಲ್ಲ ಮುಗಿದ ಮೇಲೆಯೇ ಸಣ್ಣಕ್ಷರದವು ಬರುತ್ತವೆ. ಯೂರೋಪಿನ ಇತರ ಭಾಷೆಗಳಲ್ಲಿ ತೊಡಕು ಇನ್ನೂ ಹೆಚ್ಚು. ಜರ್ಮನ್ ನಿಘಂಟುಗಳಲ್ಲಿ 'ಎ'ಕಾರದೊಡನೆ ಸೇರುವ ಚುಕ್ಕೆಯುಳ್ಳ 'ಎ' ಸ್ವೀಡಿಷ್ ಭಾಷೆಯಲ್ಲಿ 'ಝಡ್' ಆದ ಮೇಲೆ ಬರುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ 'ಸಿ–ಎಚ್' ಎಂಬ ಜೋಡಿಯನ್ನು ಸ್ವತಂತ್ರ ಅಕ್ಷರವೆಂದೆಣಿಸಿ ಬೇರೆ ಸ್ಥಾನದಲ್ಲಿಡುತ್ತಿದ್ದರು. 1994ರಲ್ಲಿ ಆ ಭಾಷೆಯ ಅಕಾಡೆಮಿಗಳು ಈ ಪದ್ಧತಿಯನ್ನು ಕೈಬಿಟ್ಟವು. ಲಿಪಿ ಒಂದೇ, ಕ್ರಮ ಬೇರೆ.

ಇದಕ್ಕೆ ಪರಿಹಾರವಾಗಿ 1989ರ 'ಸಿ' ಪ್ರಮಾಣಗ್ರಂಥದಲ್ಲಿ 'ಲೊಕೇಲ್' ಎಂಬ ಕಲ್ಪನೆ ಸೇರಿತು. ನಾವು ಅದನ್ನು 'ಕ್ಷೇತ್ರ' ಎನ್ನಬಹುದು. ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಲ್ಲದೆ ವಸ್ತುವನ್ನು ಹೇಳಲಾಗದೆಂದು ಬಲ್ಲವರಿಗೆ ಈ ಶಬ್ದದ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. 'ಸೆಟ್‌ಲೊಕೇಲ್' ಎಂಬ ವಿಧಿಯಿಂದ ಕ್ಷೇತ್ರವನ್ನು ಘೋಷಿಸಿದ ಮೇಲೆ 'ಸ್ಟ್ರ್‌ಕಾಲ್' ಎಂಬ ಇನ್ನೊಂದು ತುಲನಾವಿಧಿಯು ಆ ಕ್ಷೇತ್ರದ ನಿಯಮಕೋಷ್ಟಕವನ್ನು ನೋಡಿ ಪದಗಳನ್ನು ಹೋಲಿಸುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಘೋಷಣೆ ಇಲ್ಲದಿದ್ದರೆ ಪ್ರತಿಯೊಂದು ಕ್ರಮವಿಧಿಯೂ 'ಸಿ' ಎಂದೇ ಹೆಸರುಳ್ಳ ಮೂಲಕ್ಷೇತ್ರದಲ್ಲಿ ಆರಂಭವಾಗುತ್ತದೆ. ಆಗ 'ಸ್ಟ್ರ್‌ಕಾಲ್' ಕೂಡ 'ಸ್ಟ್ರ್‌ಕಂಪ್'ನಂತೆಯೇ ಬರಿಯ ಅಂಕಗಳನ್ನು ಹೋಲಿಸುತ್ತದೆ. ಯಂತ್ರದ ತೆರೆಯ ಮೇಲೆ ಕನ್ನಡ ಕಾಣುತ್ತಿರುವುದರಿಂದಲೇ ತುಲನೆಯೂ ಕನ್ನಡದ್ದಾಗಿದೆ ಎಂದು ಭಾವಿಸಲಾಗದು.

ಮೂರನೆಯದು 'ಸ್ಟ್ರ್‌ಎಕ್ಸ್‌ಫ್ರಮ್' ಎಂಬ ವಿಧಿ. ಇದು ಮೂಲಪದವನ್ನು ಮುಟ್ಟದೆ ಅದರಿಂದ ಬೇರೊಂದು ಸಾಲನ್ನು ಸಾಧಿಸಿಕೊಡುತ್ತದೆ. ಹಾಗೆ ಸಾಧಿಸಿದ ಎರಡು ಸಾಲುಗಳನ್ನು ಅಂಕಕ್ರಮದಿಂದ ಹೋಲಿಸಿದರೂ 'ಸ್ಟ್ರ್‌ಕಾಲ್' ಕೊಡುವ ಫಲವೇ ದೊರೆಯುತ್ತದೆ. ಈ ಸಾಧಿತ ಸಾಲನ್ನು ಮುಂದೆ 'ತುಲನಾಪಾಠ' ಎಂದು ಕರೆಯಲಾಗಿದೆ.

4. ಕನ್ನಡದ ಸಂಕೇತಾಂಕಗಳ ಚರಿತ್ರೆ

ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಸಾಮಾನ್ಯ ಕೋಷ್ಟಕ 1988ರಲ್ಲಿ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕವಾಯಿತು. ಬ್ರಾಹ್ಮೀಮೂಲದ ಲಿಪಿಗಳೆಲ್ಲ ಒಂದೇ ಧ್ವನಿವ್ಯವಸ್ಥೆಯವು ಎಂಬ ಸತ್ಯದ ಮೇಲೆ ಅದು ನಿಂತಿದೆ. ಅಕ್ಷರವನ್ನು ಕಣ್ಣಿಗೆ ಕಾಣುವ ಕ್ರಮದಲ್ಲಲ್ಲ, ಉಚ್ಚರಿಸುವ ಕ್ರಮದಲ್ಲಿ ಇರಿಸುವುದು ಅದರ ಗುಣ. ಕನ್ನಡದಲ್ಲಿ ಅರ್ಕಾವೊತ್ತನ್ನು ವ್ಯಂಜನದ ಬಲಗಡೆ ಬರೆದರೂ ಯಂತ್ರದಲ್ಲಿ ರೇಫೆಯೇ ಮೊದಲು ನಿಲ್ಲುತ್ತದೆ. ಇದು ನಮ್ಮ ಶಿಕ್ಷಾಶಾಸ್ತ್ರಕ್ಕೆ ಸಮ್ಮತವಾದ ರೀತಿ.

ಆದರೆ ಎಲ್ಲ ಲಿಪಿಗಳಿಗೂ ಒಂದೇ ಸಾಲು ಹಾಕಿದಾಗ ರ, ಱ, ಲ, ಳ, ೞ, ವ ಎಂಬ ಅನುಕ್ರಮವೇರ್ಪಟ್ಟಿತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಈ ವಿನ್ಯಾಸವನ್ನೇ ಅನುಸರಿಸಿತು. ಫಲವಾಗಿ ಲಕಾರಕ್ಕೆ 3250, ಳಕಾರಕ್ಕೆ 3251, ವಕಾರಕ್ಕೆ 3253, ಹಕಾರಕ್ಕೆ 3257 ಎಂಬ ಅಂಕಗಳು ನಿಂತವು. ಹಕಾರದ ಅನಂತರ ಬರಬೇಕಾದ ಳಕಾರ ವಕಾರಕ್ಕಿಂತಲೂ ಮುಂದೆ ಬಂದಿತು.

ೞಕಾರದ ಕಥೆ ಇನ್ನೂ ವಿಚಿತ್ರ. ತಮಿಳು, ಮಲಯಾಳಂಗಳಲ್ಲಿ ಈ ಧ್ವನಿಗೆ ಸಾಲಿನೊಳಗೆ ಸ್ಥಾನವಿದೆ. ಕನ್ನಡದಲ್ಲಿ ಅದಕ್ಕೆ ಸಮಾನವಾದ 3252ನೆಯ ಸ್ಥಾನ ಬರಿದಾಗಿಯೇ ಉಳಿದು, ೞಕಾರವು ಸ್ವರಚಿಹ್ನೆಗಳಿಗೂ ಆಚೆ 3294ನೆಯ ಸ್ಥಾನದಲ್ಲಿ ಕುಳಿತಿತು. ನಾಗರಿಯ ಕೋಷ್ಟಕದಲ್ಲಿ ಅದಕ್ಕೆ ಸಂವಾದಿಯಾದ ಸ್ಥಾನದಲ್ಲಿರುವುದು ಚುಕ್ಕೆಯುಳ್ಳ ಫಕಾರ. ಆದುದರಿಂದ ನಮ್ಮ ೞಕಾರಕ್ಕೆ 'ಫ' ಎಂಬ ಹೆಸರು ಅಂಟಿಕೊಂಡಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಯೂನಿಕೋಡಿನಲ್ಲಿ ಆ ಹೆಸರು ಇಂದಿಗೂ ಹಾಗೆಯೇ ಇದೆ. ಜೊತೆಯಲ್ಲಿ ತಿದ್ದುಪಡಿಯ ಉಪನಾಮ ಮಾತ್ರ ಸೇರಿದೆ. ಪ್ರಾಚೀನ ಪ್ರತಿಗಳಲ್ಲಿ ಕಾಣುವ ನಕಾರಪೊಲ್ಲಿಗೆ 2021ರಲ್ಲಿ 3293ನೆಯ ಸ್ಥಾನ ದೊರೆತುದು ಸಂತೋಷದ ಸಂಗತಿ. ಆದರೆ ಅದೂ ಅಂಕಕ್ರಮದಲ್ಲಿ ನಕಾರದಿಂದ ಬಹುದೂರ.

5. ಮನ್ನಳ್ಳಿ ಎಂಬ ಒಂದು ಹೆಸರು

ಬೀದರ ಜಿಲ್ಲೆಯ ಮನ್ನಳ್ಳಿ ಎಂಬ ಊರಿನ ಹೆಸರನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳೋಣ. ನಮ್ಮ ಗಣನೆಯಲ್ಲಿ ಅದು ಮೂರು ಅಕ್ಷರ: ಮ, ನ್ನ, ಳ್ಳಿ. ಯಂತ್ರದ ಗಣನೆಯಲ್ಲಿ ಮಕಾರ, ನಕಾರ, ಹಲಂತಚಿಹ್ನೆ, ನಕಾರ, ಳಕಾರ, ಹಲಂತಚಿಹ್ನೆ, ಳಕಾರ, ಗುಡಿಸು ಎಂದು ಎಂಟು ಸಂಕೇತಗಳು. ಇಂದು ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರರಂತೆ ಇಪ್ಪತ್ತನಾಲ್ಕು ಬೈಟುಗಳು. 'ಸ್ಟ್ರ್‌ಕಂಪ್' ಹೋಲಿಸುವುದು ಈ ಇಪ್ಪತ್ತನಾಲ್ಕನ್ನು.

ಹಳ್ಳಿ ಎಂಬ ಉತ್ತರಪದದ ಹಕಾರ ಲೋಪಗೊಂಡ ಊರ ಹೆಸರುಗಳು ಕನ್ನಡನಾಡಿನಲ್ಲಿ ಅಸಂಖ್ಯ. ಒಂದು ಪಟ್ಟಿಯಲ್ಲಿ ಈ ಹೆಸರು 'ಮನ್ನಳ್ಳಿ' ಎಂದೂ, ಬಿಡಿಸಿ ಬರೆದ ಇನ್ನೊಬ್ಬ ಲಿಪಿಕಾರನಿಂದ 'ಮನ್ನಹಳ್ಳಿ' ಎಂದೂ ಬಂದಿದೆಯೆಂದು ಭಾವಿಸೋಣ. ಅಂಕಕ್ರಮದಲ್ಲಿ 3251 ಮೊದಲು, 3257 ಅನಂತರ. ಆದುದರಿಂದ ಮನ್ನಳ್ಳಿ ಮುಂದೆ, ಮನ್ನಹಳ್ಳಿ ಹಿಂದೆ. ಕನ್ನಡ ನಿಘಂಟಿನ ಕ್ರಮದಲ್ಲಿ ಇದು ತಲೆಕೆಳಗು. ಹಕಾರದ ಹೆಸರು ಮೊದಲು ಬಂದು ಳಕಾರದ್ದು ಅನಂತರ ಬರಬೇಕು.

ಈ ಪ್ರದೇಶದ ಚರಿತ್ರೆಯೂ ಕ್ಷೇತ್ರಾಪೇಕ್ಷೆಯನ್ನೇ ಬೋಧಿಸುತ್ತದೆ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಬೀದರ ಜಿಲ್ಲೆಯ ಆಡಳಿತದ ಕಾಗದಗಳು ಉರ್ದುವಿನವು. ಆ ಲಿಪಿಯಲ್ಲಿ ಳಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಅಲಿಫ್, ಬೇ, ಪೇ ಎಂಬುದು ಅದರ ಅನುಕ್ರಮ. 1956ರ ನವೆಂಬರ್ 1ರಂದು ಜಿಲ್ಲೆ ಮೂರಾಗಿ ಹಂಚಿಹೋಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ ಜಹೀರಾಬಾದಿನ ಭಾಗ ಆಂಧ್ರಕ್ಕೂ ಸೇರಿದವು. ಒಂದೇ ದಫ್ತರದ ಊರುಗಳು ಕನ್ನಡ, ಮರಾಠಿ, ತೆಲುಗು ಎಂಬ ಮೂರು ವರ್ಣಕ್ರಮಗಳಿಗೆ ಒಳಪಟ್ಟವು. ಭಾಲ್ಕಿ, ಔರಾದಗಳ ಕಡೆ ಕನ್ನಡ ಮರಾಠಿಗಳೆರಡನ್ನೂ ಬಳಸುವವರು ಇಂದಿಗೂ ಬಹುಮಂದಿ. ಮರಾಠಿ ವರ್ಣಮಾಲೆಯ ಪಾಠದಲ್ಲಿ ಹಕಾರದ ಅನಂತರ ಳ, ಕ್ಷ, ಜ್ಞ ಬರುತ್ತವೆ. ಆ ರೂಢಿಯಂತೆ ನಡೆದರೆ ವಾದೀಭಸಿಂಹನ ಕ್ಷತ್ರಚೂಡಾಮಣಿಯೂ ಶುಭಚಂದ್ರಾಚಾರ್ಯರ ಜ್ಞಾನಾರ್ಣವವೂ ಸೂಚಿಯ ಕೊನೆಯ ಪುಟಕ್ಕೆ ಹೋಗುತ್ತವೆ. ಸಂಸ್ಕೃತ ಕೋಶಗಳ ರೀತಿಯಲ್ಲಿ ಮೊದಲನೆಯದು ಕಕಾರದಲ್ಲಿ, ಎರಡನೆಯದು ಜಕಾರದಲ್ಲಿ ಜೈನೇಂದ್ರವ್ಯಾಕರಣದ ಅನಂತರ ಸಿಕ್ಕುತ್ತವೆ. ಎರಡೂ ತಪ್ಪಲ್ಲ, ಯಾವುದನ್ನು ಅನುಸರಿಸಲಾಗಿದೆ ಎಂದು ಹೇಳದಿರುವುದು ತಪ್ಪು.

ನಮ್ಮ ಭಂಡಾರಗಳ ಮಟ್ಟಿಗೆ ಇನ್ನೊಂದು ತೊಡಕೂ ಉಂಟು. ಮೂಡಬಿದರೆಯ ಧವಳಾದಿ ಸಿದ್ಧಾಂತಗ್ರಂಥಗಳ ಓಲೆಗಳು ಹಳೆಗನ್ನಡ ಲಿಪಿಯವು, ಮೂಲಸೂತ್ರಗಳ ಭಾಷೆ ಪ್ರಾಕೃತ. ಲಿಪಿಯನ್ನು ನೋಡಿ ಭಾಷೆಯನ್ನು ನಿರ್ಣಯಿಸಲು ಬಾರದು. ಲಿಪಿಯೊಂದರಿಂದಲೇ ಕ್ಷೇತ್ರವನ್ನು ನಿರ್ಣಯಿಸಲೂ ಬಾರದು.

6. ಹಸ್ತಪ್ರತಿಗಳ ಬರವಣಿಗೆಯೂ ಅಂಕಕ್ರಮವೂ

ಲಿಪಿಕಾರರ ರೂಢಿಗಳನ್ನು ಅಂಕಕ್ರಮಕ್ಕೆ ಒಡ್ಡಿದಾಗ ಆಗುವ ಅನರ್ಥಗಳನ್ನು ಮೂರು ಉದಾಹರಣೆಗಳಿಂದ ತೋರಿಸಬಹುದು.

ಮೊದಲನೆಯದು ರೇಫೆಯ ಅನಂತರದ ದ್ವಿತ್ವ. ನಯಸೇನನ ಗ್ರಂಥ ಒಂದು ಪ್ರತಿಯಲ್ಲಿ 'ಧರ್ಮಾಮೃತ', ಇನ್ನೊಂದರಲ್ಲಿ 'ಧರ್ಮ್ಮಾಮೃತ'. ಹಲಂತಚಿಹ್ನೆಯ ಅಂಕ 3277, ದೀರ್ಘದ ಅಂಕ 3262. ಆದುದರಿಂದ ಒತ್ತಿಲ್ಲದ 'ಧರ್ಮ'ದಿಂದಾರಂಭವಾಗುವ ಗ್ರಂಥಗಳು ಮುಗಿದ ಮೇಲೆ 'ಧರ್ಮ್ಮ' ಎಂಬ ಬೇರೆ ಗುಂಪೇ ಆರಂಭವಾಗುತ್ತದೆ. ಒಂದೇ ಕೃತಿಯ ಎರಡು ಪ್ರತಿಗಳು ಎರಡು ಪುಟಗಳಲ್ಲಿ ಬೀಳುತ್ತವೆ.

ಎರಡನೆಯದು ಸೊನ್ನೆ. 'ಪಂಪ' ಎಂದೂ 'ಪಮ್ಪ' ಎಂದೂ ಬರೆಯುವುದುಂಟು. ಸೊನ್ನೆಯ ಅಂಕ 3202. ಅದು ಅಕಾರದ 3205ಕ್ಕಿಂತಲೂ ಕಡಿಮೆ. ಆದುದರಿಂದ ಪಂಪರಾಮಾಯಣ ಮೊದಲು, ಪದ್ಮಪುರಾಣ ಅನಂತರ, ಮಕಾರದಿಂದ ಬರೆದ ಪಮ್ಪರಾಮಾಯಣ ಅದಕ್ಕೂ ಅನಂತರ ಬರುತ್ತದೆ. ವರ್ಗೀಯ ವ್ಯಂಜನದ ಹಿಂದಿನ ಸೊನ್ನೆಯನ್ನು ಆಯಾ ವರ್ಗದ ಅನುನಾಸಿಕವೆಂದೇ ಎಣಿಸುವ ಸಂಸ್ಕೃತ ಕೋಶಗಳ ರೀತಿ ಇಲ್ಲಿ ಮಾರ್ಗದರ್ಶಕವಾಗಬಲ್ಲುದು.

ಮೂರನೆಯದು ೞಕಾರ. 'ಪೞಗನ್ನಡ' ಎಂದು ಶುದ್ಧವಾಗಿ ಬರೆದರೆ ಅಂಕಕ್ರಮದಲ್ಲಿ ಅದು 'ಪ್ರಾಕೃತ'ದ ಅನಂತರ ನಿಲ್ಲುತ್ತದೆ. ಏಕೆಂದರೆ 3294 ಎಂಬ ಅಂಕ ಹಲಂತಚಿಹ್ನೆಗಿಂತಲೂ ದೊಡ್ಡದು. 'ಪಳಗನ್ನಡ' ಎಂದು ಅಶುದ್ಧವಾಗಿ ಬರೆದರೆ ಪಕಾರದ ಮೊದಲ ಭಾಗದಲ್ಲೇ ಸಿಕ್ಕುತ್ತದೆ. ಪ್ರಾಚೀನ ರೂಪವನ್ನು ಉಳಿಸಿಕೊಂಡ ಪ್ರತಿಗೆ ಇದರಿಂದ ದಂಡ, ಕಳೆದುಕೊಂಡ ಪ್ರತಿಗೆ ಬಹುಮಾನ.

7. ಪಾಠರಕ್ಷಣೆಯ ಪ್ರಶ್ನೆ

ಇಲ್ಲಿಯೇ ನಿಜವಾದ ಅಪಾಯವಿದೆ. ಕ್ರಮ ಕೆಟ್ಟುದನ್ನು ಕಂಡ ಸೂಚೀಕಾರನು ಸುಲಭೋಪಾಯವಾಗಿ ೞಕಾರವನ್ನು ಳಕಾರವಾಗಿ, 'ಧರ್ಮ್ಮ'ವನ್ನು 'ಧರ್ಮ'ವಾಗಿ, 'ಕಮಳ'ವನ್ನು 'ಕಮಲ'ವಾಗಿ ತಿದ್ದಿಬಿಡುತ್ತಾನೆ. ಪಟ್ಟಿ ಅಂದವಾಗುತ್ತದೆ, ಸಾಕ್ಷ್ಯ ನಾಶವಾಗುತ್ತದೆ. ಪ್ರತಿಯ ಕಾಲ, ಪ್ರದೇಶ, ಲಿಪಿಕಾರನ ಸಂಪ್ರದಾಯ ಇವನ್ನು ನಿರ್ಣಯಿಸುವಾಗ ನಾವು ಆಶ್ರಯಿಸುವುದು ಈ ಲೇಖನವಿಶೇಷಗಳನ್ನೇ ಅಲ್ಲವೆ? ಓಲೆ ಶಿಥಿಲವಾಗಿ ಸೂಚಿಯೊಂದೇ ಉಳಿಯುವ ಕಾಲ ಬಂದರೆ ಆ ತಿದ್ದುಪಡಿಯನ್ನು ಹಿಂದಿರುಗಿಸುವ ದಾರಿಯೇ ಇರದು.

'ಸ್ಟ್ರ್‌ಎಕ್ಸ್‌ಫ್ರಮ್' ವಿಧಿಯ ತತ್ತ್ವ ನಮಗೆ ಉಪಯುಕ್ತವಾಗುವುದು ಈ ಸಂದರ್ಭದಲ್ಲಿ. ಮೂಲಪಾಠ ಪ್ರತಿಯಲ್ಲಿದ್ದಂತೆಯೇ ಇರಬೇಕು. ಕ್ರಮಕ್ಕೆ ಬೇಕಾದ ಸಮೀಕರಣವೆಲ್ಲ ತುಲನಾಪಾಠದಲ್ಲಿ ನಡೆಯಬೇಕು. 2001ರಲ್ಲಿ ಪ್ರಕಟವಾದ ಐಎಸ್‌ಒ 14651 ಎಂಬ ಅಂತರರಾಷ್ಟ್ರೀಯ ಮಾನಕವೂ ಯೂನಿಕೋಡಿನ ತುಲನಾವಿಧಾನವೂ ಹಲವು ಹಂತಗಳ ಹೋಲಿಕೆಯನ್ನು ವಿಧಿಸುತ್ತವೆ. ಮೊದಲ ಹಂತದಲ್ಲಿ ಮೂಲಾಕ್ಷರಗಳ ಹೋಲಿಕೆ. ಅಲ್ಲಿ ಸಮವಾದರೆ ಮುಂದಿನ ಹಂತಗಳಲ್ಲಿ ರೂಪಭೇದಗಳ ಹೋಲಿಕೆ. ಅಕ್ಷರಸಂಖ್ಯೆ, ಅಂತ್ಯವ್ಯಂಜನ, ಆದ್ಯಕ್ಷರ ಎಂದು ಹಂತಹಂತವಾಗಿ ವಿಂಗಡಿಸಿದ ಅನೇಕಾರ್ಥಸಂಗ್ರಹದ ಪರಿಚಯವುಳ್ಳವರಿಗೆ ಈ ಕಲ್ಪನೆ ಹೊಸದಲ್ಲ.

ಒಂದು ಎಚ್ಚರಿಕೆ ಅಗತ್ಯ. ತುಲನೆಯಲ್ಲಿ ಸಮವೆಂದು ಬಂದ ಮಾತ್ರಕ್ಕೆ ಎರಡು ಪದಗಳು ಒಂದೇ ಎಂದಾಗದು. ನಯಸೇನನದೂ ಧರ್ಮಾಮೃತವೇ, ಆಶಾಧರಸೂರಿಯದೂ ಧರ್ಮಾಮೃತವೇ. ಸಮತ್ವವನ್ನು ಅಭೇದವೆಂದು ಬಗೆದು ಯಂತ್ರವು ಎರಡು ನಮೂದುಗಳನ್ನು ಒಂದಾಗಿಸಿದರೆ ಒಂದು ಗ್ರಂಥವೇ ಲೋಪವಾಗುತ್ತದೆ. ಆದುದರಿಂದ ಸಮವಾದಲ್ಲಿ ಕರ್ತೃನಾಮ, ಕಟ್ಟಿನ ಸಂಖ್ಯೆ ಇವುಗಳಿಂದ ಭೇದವನ್ನು ನಿಶ್ಚಯಿಸಬೇಕು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಸೂಚಿಗಳ ವಿಷಯದಲ್ಲಿ ಕೆಲವು ನಿಯಮಗಳು ಫಲಿಸುತ್ತವೆ. ಗ್ರಂಥನಾಮವನ್ನು ಪ್ರತಿಯಲ್ಲಿದ್ದಂತೆ ದಾಖಲಿಸಿ ತುಲನಾಪಾಠವನ್ನು ಪ್ರತ್ಯೇಕವಾಗಿ ಇಡಬೇಕು. ಳಕಾರವನ್ನು ಹಕಾರದ ಅನಂತರ, ೞಕಾರವನ್ನು ಅದರ ಬಳಿಯಲ್ಲಿ ನಿಲ್ಲಿಸುವ ಕನ್ನಡ ಕ್ರಮವನ್ನು ಯಂತ್ರಕ್ಕೆ ಸ್ಪಷ್ಟವಾಗಿ ವಿಧಿಸಬೇಕು. ಸೊನ್ನೆ, ದ್ವಿತ್ವ, ಕ್ಷಕಾರ ಜ್ಞಕಾರಗಳ ವಿಷಯದಲ್ಲಿ ಅನುಸರಿಸಿದ ರೀತಿಯನ್ನು ಪೀಠಿಕೆಯಲ್ಲಿ ಹೇಳಬೇಕು. 'ಕಣ್', 'ಬಾೞ್' ಮುಂತಾದ ವ್ಯಂಜನಾಂತ ಪದಗಳು ಸ್ವರಾಂತಗಳಿಗಿಂತ ಮುಂದೋ ಹಿಂದೋ ಎಂಬುದನ್ನು ವಿದ್ವಾಂಸರು ಕೂಡಿ ನಿರ್ಣಯಿಸಬೇಕು. ಅದನ್ನು ಹಲಂತಚಿಹ್ನೆಯ ಅಂಕಕ್ಕೆ ಬಿಟ್ಟುಕೊಡಲಾಗದು.

ಯಂತ್ರವು ತಾನಾಗಿ ಕ್ಷೇತ್ರವನ್ನು ಆರಿಸಿಕೊಳ್ಳುವುದಿಲ್ಲ. ಹೇಳಿದುದನ್ನು ಮಾಡುತ್ತದೆ, ಹೇಳದಿದ್ದರೆ ಅಂಕಗಳನ್ನು ಎಣಿಸುತ್ತದೆ. ಹೇಳಬೇಕಾದವರು ವ್ಯಾಕರಣವನ್ನೂ ಪ್ರತಿಗಳನ್ನೂ ಬಲ್ಲವರು. ಭಂಡಾರಗಳ ಸೂಚೀಕಾರ್ಯದಲ್ಲಿ ತೊಡಗಿರುವ ಮಹನೀಯರು ತಮ್ಮ ತಮ್ಮ ಪಟ್ಟಿಗಳಲ್ಲಿ ಳಕಾರ, ೞಕಾರಗಳ ಸ್ಥಾನವನ್ನು ಒಮ್ಮೆ ಪರೀಕ್ಷಿಸಿ, ಕಂಡ ವಿಶೇಷಗಳನ್ನು ತಿಳಿಸಿದರೆ ಸರ್ವಸಮ್ಮತವಾದ ಒಂದು ಕ್ರಮವನ್ನು ರೂಪಿಸಲು ಸಹಾಯವಾದೀತು.